ಮಗ ‘ಫ್ರಾತಿಂಗ್’ ಅಂದರೆ ಗಾಬರಿ ಬೇಡ

ಪ್ರಶ್ನೆ: ನನ್ನ ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಹೋದ ವಾರ ‘ಫ್ರಾತಿಂಗ್ ಫಾರ್ ದಿ ವೀಕೆಂಡ್’ ಎಂದು ಮೆಸೇಜ್ ಹಾಕಿದ್ದ. ಅರ್ಥವಾಗದೆ ನಿಘಂಟು ತೆಗೆದು ನೋಡಿದೆ. ಫ್ರಾತ್ ಅಂದರೆ ನೊರೆ, ಬಾಯಲ್ಲಿ ನೊರೆ ಬರುವುದು ಎಂದಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲಿಂದ ಈ ಪದ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತಿದೆ. ಅವನೇ ಕಳಿಸಿದ ಕಾಫಿ ಸಾಮಾನಿನ ಡಬ್ಬಿಯ ಮೇಲೆ ‘ಮಿಲ್ಕ್ ಫ್ರಾತರ್’ ಎಂದಿದೆ. ಇಂಗ್ಲಿಷ್ ಪೇಪರಿನಲ್ಲಿ ಷೇರುಪೇಟೆಯಲ್ಲಿ ಫ್ರಾತ್ ಇದೆ ಎನ್ನುತ್ತಾರೆ. ಪಿಯುಸಿ ಓದುವ ಮಗಳ ಕೆಮಿಸ್ಟ್ರಿ ಪುಸ್ತಕದಲ್ಲೂ ಅದೇ ಪದ. ಫೋಮ್, ಲ್ಯಾದರ್ ಎಂದು ಹುಡುಕಿದರೂ ನಿಘಂಟು ನೊರೆ ಎಂದೇ ಹೇಳುತ್ತದೆ. ಇವೆಲ್ಲ ಒಂದೇನಾ? ಕನ್ನಡದಲ್ಲಿ ಏನು ಹೇಳಬೇಕು? ಮತ್ತೆ, ಆ ಫ್ರಾತರ್ ನಮ್ಮ ಫಿಲ್ಟರ್ ಕಾಫಿಗೆ ಆಗುತ್ತದಾ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಮೊದಲು ಗಾಬರಿ ಬಿಡಿ ಅಮ್ಮ. ನಿಮ್ಮ ಮಗನಿಗೆ ಏನೂ ಆಗಿಲ್ಲ. ಶನಿವಾರ ಯಾವಾಗ ಬರುತ್ತೋ ಎಂದು ತುದಿಗಾಲಲ್ಲಿ ನಿಂತಿದ್ದಾನೆ, ಅಷ್ಟೇ. ಆಸ್ಟ್ರೇಲಿಯಾದವರ ಆಡುಮಾತಿನಲ್ಲಿ ‘ಫ್ರಾತಿಂಗ್’ ಅಂದರೆ ಯಾವುದೋ ಒಂದರ ಬಗ್ಗೆ ವಿಪರೀತ ಖುಷಿ, ವಿಪರೀತ ಹುಮ್ಮಸ್ಸು. ಸಮುದ್ರದ ಅಲೆಗಳ ಮೇಲೆ ಹಲಗೆ ಹಾಕಿ ಜಾರುವ ಸರ್ಫಿಂಗ್ ಹುಡುಗರ ಬಾಯಲ್ಲಿ ಹೆಚ್ಚು ಓಡಾಡುವ ಮಾತು ಇದು. ಹಾಗೆ ಒಂದನ್ನು ಹುಚ್ಚಿಗೆ ಬಿದ್ದು ಹಚ್ಚಿಕೊಂಡವನನ್ನು ಅಲ್ಲಿ ‘ಫ್ರಾತರ್’ ಎಂದೂ ಕರೆಯುತ್ತಾರೆ. ಅಂದರೆ ನಿಮ್ಮ ಅಡುಗೆಮನೆಗೆ ಬಂದಿರುವ ಸಾಮಾನೂ ಫ್ರಾತರ್, ಅದನ್ನು ಕಳಿಸಿದ ಮಗನೂ ಫ್ರಾತರ್! ಬಿಯರಿಗೂ ಅಲ್ಲಿ ‘ಫ್ರಾತಿ’ ಎನ್ನುವುದುಂಟು. ಅದನ್ನು ಅವನು ಅಮ್ಮನಿಗೆ ಬರೆಯಲಿಕ್ಕಿಲ್ಲ ಬಿಡಿ.

ನಿಘಂಟು ಸುಳ್ಳು ಹೇಳಿಲ್ಲ. ಅರ್ಧ ಹೇಳಿ ಸುಮ್ಮನಾಗಿದೆ. ಇಂಗ್ಲಿಷಿನಲ್ಲಿ ನೊರೆಗೆ ಆರೇಳು ಪದಗಳಿವೆ. ನಮ್ಮ ಇಂಗ್ಲಿಷ್–ಕನ್ನಡ ನಿಘಂಟುಗಳು ಅಷ್ಟನ್ನೂ ‘ನೊರೆ, ಬುರುಗು’ ಎಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತವೆ. ಸೋಪು, ಕಾಫಿ, ಸಮುದ್ರದ ಮಟ್ಟಿಗೆ ಅದರಿಂದ ತೊಂದರೆಯಿಲ್ಲ. ಮನುಷ್ಯರ ವಿಷಯ, ದುಡ್ಡಿನ ವಿಷಯ ಬಂದಾಗ ತೊಂದರೆ ಶುರು. ಅನುವಾದ ಮಾಡುವವನಾದ್ದರಿಂದ ನಾನೂ ಅಲ್ಲಿ ಜಾರಿ ಬಿದ್ದಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಫೋಮ್ ಮತ್ತು ಫ್ರಾತ್. ಗಾಳಿಯ ಗುಳ್ಳೆಗಳು ಒತ್ತೊತ್ತಾಗಿ ಸೇರಿದ್ದು ಯಾವುದೇ ಇರಲಿ, ಅದನ್ನು ಫೋಮ್ ಎನ್ನಬಹುದು. ಅದು ಮೆತ್ತಗಿರಬಹುದು, ಗಟ್ಟಿಯೂ ಇರಬಹುದು. ಹಾಸಿಗೆಯ ಒಳಗಿರುವುದು ಫೋಮ್. ಶೇವಿಂಗ್ ಡಬ್ಬಿಯಿಂದ ಬುಸ್ ಎಂದು ಬರುವುದು ಫೋಮ್. ಎಣ್ಣೆಗೆ ಬೆಂಕಿ ಹತ್ತಿದಾಗ ಅಗ್ನಿಶಾಮಕ ದಳದವರು ಚಿಮ್ಮಿಸುವುದೂ ಫೋಮ್. ಫ್ರಾತ್ ಹಾಗಲ್ಲ. ಅದಕ್ಕೆ ಕೆಳಗೆ ಒಂದು ದ್ರವ ಬೇಕು, ಅದರ ಮೇಲೆ ಇದು ಕೂತಿರಬೇಕು. ಗುಳ್ಳೆಗಳು ಸಡಿಲ, ಒಂದು ದೊಡ್ಡದು ಒಂದು ಚಿಕ್ಕದು. ಸ್ವಲ್ಪ ಹೊತ್ತು ಬಿಟ್ಟರೆ ಇಳಿದುಹೋಗುತ್ತದೆ. ಹಾಗಾಗಿ ಹಾಸಿಗೆ ಅಂಗಡಿಯಲ್ಲಿ ಯಾರೂ ‘ಫ್ರಾತ್ ಬೆಡ್’ ಎಂದು ಮಾರುವುದಿಲ್ಲ. ಕಾಫಿ ಅಂಗಡಿಯವರು ಇದನ್ನೇ ಇನ್ನೂ ಸೂಕ್ಷ್ಮವಾಗಿ ನೋಡುತ್ತಾರೆ. ಗುಳ್ಳೆ ಕಣ್ಣಿಗೆ ಕಾಣುವಂತಿದ್ದರೆ ಅವರಿಗೆ ಅದು ಫ್ರಾತ್. ಗುಳ್ಳೆಯೇ ಕಾಣದಂತೆ ಹಾಲು ರೇಷ್ಮೆಯ ಹಾಗೆ ಹೊಳೆದರೆ ಅದು ಮೈಕ್ರೋಫೋಮ್. ಕಪ್ಪಿನ ಮೇಲೆ ಎಲೆ, ಹೃದಯ ಬಿಡಿಸಲು ಆಗುವುದು ಎರಡನೆಯದರಲ್ಲಿ ಮಾತ್ರ.

ಲ್ಯಾದರ್ ಸೋಪಿನದು. ಉಜ್ಜಿ ಉಜ್ಜಿ ಬರಿಸಿದ ದಪ್ಪ ನೊರೆ. ಸೀಗೆಕಾಯಿ, ಅಂಟುವಾಳದ ನೊರೆಗೂ ಇದೇ ಪದ ಸರಿ. ಸೋಪು ಬಿಟ್ಟರೆ ಕುದುರೆ. ಓಡಿ ಬಂದ ಕುದುರೆಯ ಮೈಮೇಲೆ ಬೆವರು ಬೆಳ್ಳಗೆ ನೊರೆಗಟ್ಟುತ್ತದೆ. ಕುದುರೆಯ ಬೆವರಿನಲ್ಲಿ ನೊರೆ ಬರಿಸುವ ಒಂದು ಪ್ರೋಟೀನು ಇದೆ. ವಿಜ್ಞಾನಿಗಳು ಅದಕ್ಕೆ ಲ್ಯಾದರಿನ್ ಎಂದೇ ಹೆಸರಿಟ್ಟಿದ್ದಾರೆ. ‘ಇನ್ ಎ ಲ್ಯಾದರ್’ ಅಂದರೆ ತಳಮಳ, ಗಡಿಬಿಡಿಯಲ್ಲಿರುವುದು. ಆ ಮಾತು ಬಂದದ್ದು ಈ ಬೆವರಿದ ಕುದುರೆಯಿಂದ. ಇನ್ನು ಸಡ್ಸ್ ಅಂದರೆ ಬಟ್ಟೆ ಒಗೆಯುವ ಬಕೆಟ್ಟಿನ ಸೋಪಿನ ನೀರು, ನೊರೆ ಸಮೇತ. ಧಾರಾವಾಹಿಗೆ ಸೋಪ್ ಎಂಬ ಹೆಸರು ಬಂದದ್ದೂ ಆ ಬಕೆಟ್ಟಿನ ಕಡೆಯಿಂದಲೇ. 1930ರ ದಶಕದಲ್ಲಿ ಅಮೆರಿಕದ ರೇಡಿಯೊ ಧಾರಾವಾಹಿಗಳಿಗೆ ಸಾಬೂನು ಕಂಪನಿಗಳು ದುಡ್ಡು ಹಾಕುತ್ತಿದ್ದವು. ಇರಲಿ, ಅದು ಬೇರೆ ಕಥೆ. ಸ್ಕಮ್ ಅಂದರೆ ಮೇಲೆ ತೇಲಿ ಬರುವ ಕೊಳಕು ಪದರ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬಂದದ್ದನ್ನು ತೆಗೆದು ಎಸೆಯುತ್ತಾರಲ್ಲ, ಅದು. ಬಿಯರಿನ ತಲೆಯ ಮೇಲಿನ ನೊರೆಗೆ ಹೆಡ್ ಎನ್ನುತ್ತಾರೆ. ಸಮುದ್ರದ್ದಕ್ಕೆ ಸ್ಪ್ಯೂಮ್ ಎಂಬ ಕವಿಗಳ ಪದ ಇದೆ. ನಿಮಗೆ ಅದು ಬೇಕಾಗುವುದಿಲ್ಲ.

ಹುಟ್ಟಿನಲ್ಲೂ ಇವು ಬೇರೆ ಬೇರೆ ಮನೆಯವು. ಫ್ರಾತ್ ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಫೋಮ್ ಇಂಗ್ಲಿಷಿನ ಸ್ವಂತ ಪದ, ಮತ್ತು ಅದು ನಮ್ಮ ಕಿವಿಗೆ ಪರಿಚಿತವಾದ ಸಂಸ್ಕೃತದ ‘ಫೇನ’ಕ್ಕೆ ದೂರದ ದಾಯಾದಿ. ಇದು ಸುಮ್ನೆ ಕೇಳಲು ಒಂದೇ ಥರ ಇದೆ ಎಂದು ಕಟ್ಟಿದ ಕಥೆಯಲ್ಲ. ಎರಡಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರದವರು ಒಪ್ಪಿದ್ದಾರೆ. ಕಾಲು ಉಜ್ಜುವ ತೂತು ತೂತಿನ ಪ್ಯೂಮಿಸ್ ಕಲ್ಲಿನ ಹೆಸರೂ ಅದೇ ಬಳಗದ್ದು. ಗಿಳಿ ಸಾಕುವವರು ಪಂಜರದಲ್ಲಿ ಸಿಕ್ಕಿಸುವ ಬಿಳಿ ಚಿಪ್ಪಿಗೆ ‘ಸಮುದ್ರಫೇನ’ ಎನ್ನುತ್ತಾರಲ್ಲ, ಆ ಫೇನ ಇದೇ. ಅದು ನಿಜಕ್ಕೂ ನೊರೆಯಲ್ಲ, ಕಟಲ್‌ಫಿಶ್ ಎಂಬ ಕಡಲ ಪ್ರಾಣಿಯ ಒಳಚಿಪ್ಪು.

ಫೇನದ ಮಾತು ಬಂದಾಗ ಇಂದ್ರ–ನಮುಚಿಯ ಕಥೆ ಬಿಡಲಾಗುವುದಿಲ್ಲ. ನಮುಚಿ ಎಂಬ ಅಸುರನನ್ನು ಒದ್ದೆಯಾದದ್ದರಿಂದಲೂ ಕೊಲ್ಲುವುದಿಲ್ಲ, ಒಣಗಿದ್ದರಿಂದಲೂ ಕೊಲ್ಲುವುದಿಲ್ಲ ಎಂದು ಇಂದ್ರ ಮಾತು ಕೊಟ್ಟಿದ್ದನಂತೆ. ಕೊನೆಗೆ ನೀರಿನ ನೊರೆಯಿಂದ ಅವನ ತಲೆ ತೆಗೆದ. ಋಗ್ವೇದದ ಎಂಟನೇ ಮಂಡಲದಲ್ಲೇ ಈ ನೊರೆಯ ಪ್ರಸ್ತಾಪ ಇದೆ. ನೊರೆ ಒದ್ದೆಯೂ ಅಲ್ಲ, ಒಣಗಿದ್ದೂ ಅಲ್ಲ. ಇವತ್ತು ಭೌತಶಾಸ್ತ್ರದ ಮೇಷ್ಟ್ರು ‘ದ್ರವದಲ್ಲಿ ಅನಿಲ ಸಿಕ್ಕಿಕೊಂಡ ಸ್ಥಿತಿ’ ಎಂದು ಬೋರ್ಡಿನ ಮೇಲೆ ಬರೆಯುವುದನ್ನೇ ಆ ಕಥೆ ಕಟ್ಟಿದವರು ಗಮನಿಸಿದ್ದರು, ಅಲ್ವಾ?

ನಮ್ಮ ‘ನೊರೆ’ ಮಾತ್ರ ಅಪ್ಪಟ ದ್ರಾವಿಡ. ತಮಿಳಿನಲ್ಲಿ ನುರೈ, ಮಲಯಾಳದಲ್ಲಿ ನುರ, ತೆಲುಗಿನಲ್ಲಿ ನುರಗ. ತಮಿಳರು ಶ್ವಾಸಕೋಶಕ್ಕೆ ‘ನುರೈಯೀರಲ್’ ಎನ್ನುತ್ತಾರೆ. ನೊರೆಯಂಥ ಈರಲ್, ಅಂದರೆ ನೊರೆಯಂಥ ಒಳಾಂಗ ಎಂದರ್ಥ. ಕುರಿಯ ಶ್ವಾಸಕೋಶ ಕತ್ತರಿಸಿದ್ದನ್ನು ನೋಡಿದವರಿಗೆ ಆ ಹೆಸರು ಎಷ್ಟು ಸರಿ ಎಂದು ಗೊತ್ತಾಗುತ್ತದೆ. ನಮಗೆ ಅಂಥದ್ದೊಂದು ಹೆಸರಿಲ್ಲವಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಈಗ ಮುಖ್ಯ ಮಾತಿಗೆ ಬರೋಣ. ಕನ್ನಡದ ನೊರೆ ಒಳ್ಳೆಯ ಹುಡುಗಿ. ಇಂಗ್ಲಿಷಿನ ಫ್ರಾತ್ ಮೇಲೆ ಯಾವಾಗಲೂ ಒಂದು ಗುಮಾನಿ.

ನಮ್ಮಲ್ಲಿ ನೊರೆ ಅಂದರೆ ನೊರೆಹಾಲು. ಆಗ ತಾನೇ ಕರೆದದ್ದು, ಬಿಸಿ ಬಿಸಿ, ನೀರು ಬೆರೆಸದ್ದು. ಹೋಟೆಲಿನಲ್ಲಿ ಲೋಟದ ಮೇಲೆ ನೊರೆ ನಿಂತಿದ್ದರೆ ಕಾಫಿ ಚೆನ್ನಾಗಿದೆ ಎಂದು ಬಾಯಿಗಿಡುವ ಮೊದಲೇ ತೀರ್ಮಾನ. ‘ನೊರೆನೊರೆಯಾಗಿ’ ಎನ್ನುವಾಗ ನಮ್ಮ ದನಿಯಲ್ಲೇ ಒಂದು ಸಂತೋಷ ಇರುತ್ತದೆ. ಅಕ್ಕಮಹಾದೇವಿಯ ವಚನದಲ್ಲಿ ‘ನೊರೆತೆರೆ’ಗೆ ಅಂಜಬಾರದು ಎಂದು ಬರುತ್ತದೆ. ಅಲ್ಲೂ ನೊರೆ ಸಮುದ್ರದ ಜೊತೆಗಾರ, ಮೋಸಗಾರ ಅಲ್ಲ. ಬಾಳು ನಿಲ್ಲುವುದಿಲ್ಲ ಎಂದು ಹೇಳಬೇಕಾದಾಗಲೂ ನಮ್ಮವರು ಹೆಚ್ಚಾಗಿ ಹಿಡಿದದ್ದು ನೀರ ಮೇಲಿನ ಗುಳ್ಳೆಯನ್ನು.

ಇಂಗ್ಲಿಷಿನ ಫ್ರಾತ್ ಬೆಳೆದದ್ದು ಹೆಂಡದಂಗಡಿಯಲ್ಲಿ. ಬಿಯರಿಗೆ ದುಡ್ಡು ಕೊಟ್ಟವನ ಕೈಗೆ ಬರುವ ಲೋಟದಲ್ಲಿ ಮೇಲಿನದು ಕುಡಿಯಲು ಬಾರದ ನೊರೆ. ದುಡ್ಡು ಕೊಟ್ಟೂ ಗಂಟಲಿಗೆ ಇಳಿಯದ್ದು. ಬ್ರಿಟನ್ನಿನಲ್ಲಿ ಈ ಜಗಳ ಇವತ್ತಿಗೂ ಇದೆ. ಅಲ್ಲಿನ ಒಂದು ಪಿಂಟ್ ಅಂದರೆ 568 ಮಿಲಿಲೀಟರು. ಅದರಲ್ಲಿ ನೊರೆಯೂ ಲೆಕ್ಕಕ್ಕೆ ಬರುತ್ತದಾ ಎಂಬುದು ವಾದ. ಲೋಟದಲ್ಲಿ ಕಡಿಮೆಯೆಂದರೂ ಶೇಕಡಾ 95 ಬಿಯರೇ ಇರಬೇಕು ಎಂದು ಪಬ್ ಉದ್ಯಮದವರೇ ಒಂದು ಮಾರ್ಗಸೂಚಿ ಇಟ್ಟುಕೊಂಡಿದ್ದಾರೆ. ಇಂಥ ಊರಿನಲ್ಲಿ ಫ್ರಾತ್ ಪದಕ್ಕೆ ‘ಮೇಲೆ ಥಳಕು, ಒಳಗೆ ಏನೂ ಇಲ್ಲ’ ಎಂಬ ಅರ್ಥ ಬಾರದೆ ಇರುತ್ತದಾ? ಒಬ್ಬನ ಭಾಷಣ ಬರೀ ಫ್ರಾತ್ ಅಂದರೆ ಮಾತು ಜಾಸ್ತಿ, ವಿಷಯ ಇಲ್ಲ. ಸಿನಿಮಾಗೆ ‘ಫ್ರಾತಿ’ ಎಂದರೆ ನೋಡಲು ಹಗುರ, ಮನೆಗೆ ಬರುವಷ್ಟರಲ್ಲಿ ಮರೆತುಹೋಗುವಂಥದ್ದು. ಅದಕ್ಕೆ ಕನ್ನಡದಲ್ಲಿ ‘ನೊರೆಭರಿತ ಚಿತ್ರ’ ಎಂದು ಬರೆದರೆ ಯಾರಿಗೂ ತಲೆಬುಡ ಗೊತ್ತಾಗುವುದಿಲ್ಲ. ‘ಟೈಮ್‌ಪಾಸ್ ಸಿನಿಮಾ’ ಎನ್ನಿ, ಮುಗಿಯಿತು. ಅದೂ ಇಂಗ್ಲಿಷ್ ಪದವೇ ಎಂದು ಮೂಗು ಮುರಿಯಬೇಡಿ. ಅದನ್ನು ನಾವು ನಮ್ಮದಾಗಿ ಮಾಡಿಕೊಂಡು ಬಹಳ ಕಾಲ ಆಯಿತು.

ಹಾಗೆ ನೋಡಿದರೆ ನಮಗೂ ನೊರೆಯ ಮೋಸ ಗೊತ್ತಿಲ್ಲದ್ದಲ್ಲ. ನಾನು ಚಿಕ್ಕವನಿದ್ದಾಗ ಮನೆಗೆ ಹಾಲು ಹಾಕುವವನು ಅಳತೆಯ ಪಾವಿಗೆ ಎತ್ತರದಿಂದ ಹಾಲು ಹೊಯ್ಯುತ್ತಿದ್ದ. ಪಾವು ತುಂಬಿದಂತೆ ಕಾಣುತ್ತಿತ್ತು, ಅರ್ಧ ನೊರೆ. ನಮ್ಮಜ್ಜಿ ಬಾಗಿಲಲ್ಲೇ ಕೂತು ‘ನೊರೆ ಇಳೀಲಿ, ಆಮೇಲೆ ಅಳಿ’ ಎನ್ನುತ್ತಿದ್ದರು. ಆದರೆ ಅದೇ ಅಜ್ಜಿ ಮಾತಿನಮಲ್ಲನೊಬ್ಬನನ್ನು ಬಯ್ಯುವಾಗ ‘ಬರೀ ನೊರೆ’ ಎನ್ನುತ್ತಿರಲಿಲ್ಲ. ‘ಬರೀ ಜೊಳ್ಳು’ ಎನ್ನುತ್ತಿದ್ದರು. ನಮ್ಮ ಬೈಗುಳ ಬಂದದ್ದು ಕಣದಿಂದ. ತೂರಿದಾಗ ಕಾಳು ಕೆಳಗೆ ಬೀಳುತ್ತದೆ, ಜೊಳ್ಳು ಗಾಳಿಗೆ ಹಾರುತ್ತದೆ. ಇಂಗ್ಲಿಷಿನವರು ಇದೇ ಮಾತನ್ನು ಬಿಯರಿನ ಲೋಟದಲ್ಲಿ ಕಂಡರು. ಹಾಗಾಗಿ ಮನುಷ್ಯರನ್ನೋ ಮಾತನ್ನೋ ಬರವಣಿಗೆಯನ್ನೋ ಫ್ರಾತ್ ಎಂದಿದ್ದರೆ, ಕನ್ನಡದಲ್ಲಿ ಜೊಳ್ಳು ಎಂದು ಬರೆಯುವುದೇ ಸರಿ ಎಂದು ನನ್ನ ಅಭಿಪ್ರಾಯ.

ಷೇರುಪೇಟೆಯ ಫ್ರಾತ್ ಇದೇ ಗುಮಾನಿಯ ಮುಂದುವರಿದ ಭಾಗ. ಇದಕ್ಕೆ ಒಂದು ಪ್ರಸಿದ್ಧ ಪ್ರಸಂಗ ಇದೆ. 2005ರ ಮೇ ತಿಂಗಳು. ಅಮೆರಿಕದಲ್ಲಿ ಮನೆಗಳ ಬೆಲೆ ಏರುತ್ತಲೇ ಇತ್ತು. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಅಲನ್ ಗ್ರೀನ್‌ಸ್ಪ್ಯಾನ್ ಅವರನ್ನು ಇದು ‘ಬಬಲ್’ ಹೌದಾ ಎಂದು ಎಲ್ಲರೂ ಕೇಳುತ್ತಿದ್ದರು. ಅವರು ಬಬಲ್ ಎನ್ನಲಿಲ್ಲ. ಇಡೀ ದೇಶಕ್ಕೆ ಒಂದು ದೊಡ್ಡ ಗುಳ್ಳೆ ಇಲ್ಲ, ಸ್ವಲ್ಪ ಫ್ರಾತ್ ಇದೆ, ಅಲ್ಲಲ್ಲಿ ಸಣ್ಣ ಗುಳ್ಳೆಗಳಿವೆ ಎಂಬರ್ಥದಲ್ಲಿ ಮಾತಾಡಿದರು. ಪದದ ಆಯ್ಕೆ ನೋಡಿ. ಗುಳ್ಳೆ ಒಂದೇ ಇದ್ದರೆ ಅದು ಒಡೆಯುತ್ತದೆ ಎಂದು ಮಗುವಿಗೂ ಗೊತ್ತು. ನೊರೆ ಒಡೆಯುವುದಿಲ್ಲ, ಮೆಲ್ಲಗೆ ಇಳಿಯುತ್ತದೆ. ಕೇಳಿದವರಿಗೆ ಅಷ್ಟು ಭಯ ಆಗುವುದಿಲ್ಲ. ಆಮೇಲೆ ಏನಾಯಿತು ಎಂಬುದು ಗೊತ್ತೇ ಇದೆ. ಮನೆ ಬೆಲೆ ಕುಸಿಯಿತು, 2008ರಲ್ಲಿ ಜಗತ್ತೇ ಅಲ್ಲಾಡಿತು. ಫ್ರಾತ್ ಎಂದದ್ದು ಬಬಲ್‌ಗೆ ನಯವಾಗಿ ಹೇಳಿದ ಮಾತು ಎಂದು ಗ್ರೀನ್‌ಸ್ಪ್ಯಾನ್ ಅವರೇ 2007ರಲ್ಲಿ ಒಪ್ಪಿಕೊಂಡರು.

ನಮ್ಮಲ್ಲೂ ಆಗಿದೆ. 2024ರ ಮಾರ್ಚಿನಲ್ಲಿ, ಷೇರುಪೇಟೆಯ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಸೆಬಿಯ ಆಗಿನ ಅಧ್ಯಕ್ಷೆ ಮಾಧವಿ ಪುರಿ ಬುಚ್ ಅವರು ಸಣ್ಣ, ಮಧ್ಯಮ ಕಂಪನಿಗಳ ಷೇರುಗಳ ಬಗ್ಗೆ ಮಾತಾಡುತ್ತ, ಪೇಟೆಯಲ್ಲಿ ಅಲ್ಲಲ್ಲಿ ಫ್ರಾತ್ ಕಾಣುತ್ತಿದೆ, ಕೆಲವರು ಇದನ್ನೇ ಬಬಲ್ ಎನ್ನಬಹುದು ಎಂದು ಎಚ್ಚರಿಸಿದರು. ನೀವು ಪೇಪರಿನಲ್ಲಿ ಓದುವ ಫ್ರಾತ್ ಇದೇ. ಕಂಪನಿಯ ಗಳಿಕೆಗೂ ಷೇರಿನ ಬೆಲೆಗೂ ತಾಳೆಯಿಲ್ಲ, ಜನ ಕೊಳ್ಳುತ್ತಿದ್ದಾರೆ ಎಂದು ಜನ ಕೊಳ್ಳುತ್ತಿದ್ದಾರೆ. ಹಾಲು ಉಕ್ಕಿ ಪಾತ್ರೆ ತುಂಬಿದಂತೆ ಕಾಣುತ್ತಿದೆ, ಕೆಳಗೆ ಹಾಲು ಅಷ್ಟಿಲ್ಲ.

ಇಲ್ಲೇ ನಾನು ಜಾರಿ ಬಿದ್ದದ್ದು. ಬಹಳ ವರ್ಷಗಳ ಹಿಂದೆ ಒಂದು ಹಣಕಾಸು ಕಂಪನಿಯ ಕೈಪಿಡಿಯನ್ನು ಕನ್ನಡಕ್ಕೆ ಮಾಡುತ್ತಿದ್ದೆ. ‘ಮಾರುಕಟ್ಟೆಯಲ್ಲಿ ನೊರೆ ಕಾಣಿಸಿಕೊಂಡಿದೆ’ ಎಂದು ಬರೆದು ಕಳಿಸಿದೆ. ಅದನ್ನು ಓದಿದ ನನ್ನ ಭಾವ, ಕಿರಾಣಿ ಅಂಗಡಿ ಇಟ್ಟವರು, ‘ಹಾಗಾದ್ರೆ ಈಗ ಹಾಕ್ಬೋದು ಅಂತಾಯ್ತು, ನೊರೆ ಬಂದಿದೆಯಲ್ಲ’ ಎಂದರು. ಅವರಿಗೆ ನೊರೆ ಅಂದರೆ ನೊರೆಹಾಲು. ಎಚ್ಚರಿಕೆಯ ಮಾತು ಅವರಿಗೆ ಆಹ್ವಾನದ ಹಾಗೆ ಕೇಳಿಸಿತ್ತು. ಅಂದಿನಿಂದ ನಾನು ಈ ಜಾಗದಲ್ಲಿ ನೊರೆ ಎಂದು ಬರೆಯುವುದನ್ನೇ ಬಿಟ್ಟೆ. ‘ಬೆಲೆ ಸುಮ್ಮನೆ ಉಬ್ಬಿದೆ’ ಎನ್ನುತ್ತೇನೆ. ‘ಪೊಳ್ಳು ಏರಿಕೆ’ ಎಂದರೂ ಆದೀತು.

ಬಾಯಲ್ಲಿ ನೊರೆ ಬರುವ ಮಾತು ಇನ್ನೊಂದು ಗುಂಡಿ. ಇಂಗ್ಲಿಷಿನ ‘ಫ್ರಾತಿಂಗ್ ಅಟ್ ದಿ ಮೌತ್’ಗೆ ಎರಡು ಅರ್ಥ. ಒಂದು ನಿಜವಾಗಿ ನೊರೆ ಬರುವುದು. ಫಿಟ್ಸ್ ಬಂದಾಗ ಹಾಗಾಗುತ್ತದೆ. ರೇಬಿಸ್ ಹಿಡಿದ ನಾಯಿಯಲ್ಲೂ ಆಗುತ್ತದೆ. ಆ ರೋಗದಲ್ಲಿ ಗಂಟಲಿನ ಸ್ನಾಯುಗಳು ಹಿಡಿದುಕೊಂಡು ಜೊಲ್ಲು ನುಂಗಲು ಆಗುವುದಿಲ್ಲ. ಬಾಯಲ್ಲೇ ನಿಂತ ಜೊಲ್ಲಿಗೆ ಉಸಿರು ಬೆರೆತು ನೊರೆಯಾಗುತ್ತದೆ. ಎರಡನೆಯ ಅರ್ಥ ಸಿಟ್ಟು, ತಲೆಕೆಟ್ಟ ಹಾಗಾಗುವಷ್ಟು ಸಿಟ್ಟು. ಹುಚ್ಚುನಾಯಿಯ ಚಿತ್ರದಿಂದ ಬಂದ ಮಾತು. ಕನ್ನಡದಲ್ಲಿ ಎರಡನೆಯದು ಇಲ್ಲವೇ ಇಲ್ಲ. ನಮಗೆ ಬಾಯಲ್ಲಿ ನೊರೆ ಅಂದರೆ ವಿಷ, ಹಾವು, ಫಿಟ್ಸ್. ಇಲ್ಲವೆಂದರೆ ಗಾಡಿ ಎಳೆದು ಸುಸ್ತಾದ ಎತ್ತು. ಒಮ್ಮೆ ವಿದ್ಯಾರ್ಥಿಯೊಬ್ಬ ಅನುವಾದದ ಅಭ್ಯಾಸದಲ್ಲಿ ‘ಸದನದಲ್ಲಿ ಸಚಿವರು ಬಾಯಲ್ಲಿ ನೊರೆ ಸುರಿಸಿದರು’ ಎಂದು ಬರೆದಿದ್ದ. ಪಕ್ಕದ ಹುಡುಗಿ ‘ಅಯ್ಯೋ, ಆಂಬುಲೆನ್ಸ್ ಕರೆಸಿದ್ರಾ?’ ಎಂದಳು. ಕೆಂಡಾಮಂಡಲವಾದರು, ಕಿಡಿ ಕಾರಿದರು, ಹಲ್ಲು ಹಲ್ಲು ಕಡಿದರು. ನಮ್ಮಲ್ಲಿ ಸಿಟ್ಟಿಗೆ ಪದಗಳಿಗೇನು ಬರ?

ಅದೇ ಮಾತು ಆಸ್ಟ್ರೇಲಿಯಾಕ್ಕೆ ಹೋಗಿ ಸಿಟ್ಟು ಬಿಟ್ಟು ಖುಷಿಯಾಯಿತು. ಹದ್ದು ಮೀರಿದ ಸಿಟ್ಟು ಇದ್ದ ಜಾಗದಲ್ಲಿ ಹದ್ದು ಮೀರಿದ ಹುರುಪು ಬಂದು ಕೂತಿತು. ನಮ್ಮ ಹುಡುಗರು ‘ಸಕತ್ ಹುಚ್ಚು ಹಿಡಿಸಿದೆ’ ಎಂದು ಹೊಗಳುವುದಿಲ್ಲವೇ, ಹಾಗೆ. ಲಂಡನ್ನಿನಲ್ಲಿ ಕೂತವರಿಗೆ ನಿಮ್ಮ ಮಗನ ಮೆಸೇಜ್ ತೋರಿಸಿದರೆ ಅವರೂ ಒಂದು ಕ್ಷಣ ಹುಬ್ಬೇರಿಸಿಯಾರು.

ದನ ಸಾಕುವವರಿಗೆ ಗೊತ್ತಿರುವ ಇನ್ನೊಂದು ಫ್ರಾತ್ ಇದೆ. ಎಳೆಯ ಹಸಿ ಕುದುರೆಮೆಂತೆಯನ್ನು ಹಸು ಹೊಟ್ಟೆಬಿರಿ ಮೇಯ್ದರೆ ಹೊಟ್ಟೆ ಉಬ್ಬರ ಬರುತ್ತದೆ. ಪಶುವೈದ್ಯರು ಇದರಲ್ಲಿ ಒಂದು ಬಗೆಯನ್ನು ‘ಫ್ರಾತಿ ಬ್ಲೋಟ್’ ಎನ್ನುತ್ತಾರೆ. ಗಾಳಿ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಂಡು ನೊರೆಯಾಗಿರುತ್ತದೆ. ಹಸುವಿಗೆ ತೇಗಿ ಅದನ್ನು ಹೊರಹಾಕಲು ಆಗುವುದಿಲ್ಲ. ಆಗ ಎಣ್ಣೆ ಕುಡಿಸುವುದುಂಟು. ಎಣ್ಣೆ ಗುಳ್ಳೆಯ ಗೋಡೆಯನ್ನು ಒಡೆಯುತ್ತದೆ, ಗಾಳಿ ಬಿಡುಗಡೆಯಾಗುತ್ತದೆ. ಇದು ತುರ್ತಿನ ಕಾಯಿಲೆ, ಡಾಕ್ಟರನ್ನು ಕರೆಸಲು ತಡ ಮಾಡಬಾರದು. ತೊಗರಿಬೇಳೆ ಬೇಯಿಸುವಾಗ ಉಕ್ಕಬಾರದೆಂದು ನೀವು ಒಂದು ಚಮಚ ಎಣ್ಣೆ ಬಿಡುತ್ತೀರಲ್ಲ, ಅದೂ ಇದೇ ಲೆಕ್ಕ.

ಮಗಳ ಕೆಮಿಸ್ಟ್ರಿ ಪುಸ್ತಕದಲ್ಲಿರುವುದು ‘ಫ್ರಾತ್ ಫ್ಲೋಟೇಶನ್’. ತಾಮ್ರ, ಸತು, ಸೀಸದ ಗಂಧಕ ಬೆರೆತ ಅದಿರನ್ನು ಕಲ್ಲುಮಣ್ಣಿನಿಂದ ಬೇರ್ಪಡಿಸುವ ವಿಧಾನ. ಅದಿರನ್ನು ನುಣ್ಣಗೆ ಪುಡಿ ಮಾಡಿ ನೀರಿಗೆ ಹಾಕುತ್ತಾರೆ. ಪೈನ್ ಎಣ್ಣೆಯಂಥದ್ದನ್ನು ಬೆರೆಸಿ ಕೆಳಗಿನಿಂದ ಗಾಳಿ ಊದುತ್ತಾರೆ. ಅದಿರಿನ ಕಣ ಎಣ್ಣೆಗೆ ಅಂಟುತ್ತದೆ, ಗುಳ್ಳೆ ಹಿಡಿದು ಮೇಲೆ ಬರುತ್ತದೆ. ಮಣ್ಣು ನೀರಿನಲ್ಲಿ ನೆನೆದು ತಳಕ್ಕೆ ಇಳಿಯುತ್ತದೆ. ಮೇಲಿನ ನೊರೆಯನ್ನು ಬಳಿದುಕೊಂಡರೆ ಅದಿರು ಕೈಗೆ ಬಂತು. ಇಲ್ಲಿ ಮಾತ್ರ ಫ್ರಾತ್‌ಗೆ ಮರ್ಯಾದೆ! ಬೇಕಾದದ್ದು ಮೇಲೆ, ಬೇಡದ್ದು ಕೆಳಗೆ. ಎಣ್ಣೆಯಿಂದ ಅದಿರು ಬೇರ್ಪಡಿಸುವ ವಿಧಾನಕ್ಕೆ ಅಮೆರಿಕದ ಕ್ಯಾರಿ ಎವರ್ಸನ್ ಎಂಬ ಮಹಿಳೆ 1886ರಲ್ಲೇ ಪೇಟೆಂಟ್ ಪಡೆದಿದ್ದರು. ನೊರೆಯ ವಿಧಾನ ದೊಡ್ಡ ಮಟ್ಟದಲ್ಲಿ ನಡೆದದ್ದು ಇಪ್ಪತ್ತನೇ ಶತಮಾನದ ಶುರುವಿನಲ್ಲಿ, ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಗಳಲ್ಲಿ. ಮಗ ಎಂದಾದರೂ ಆ ಕಡೆ ಹೋದರೆ ತಂಗಿಗೆ ಒಂದು ಫೋಟೊ ಕಳಿಸಲು ಹೇಳಿ. ಇದಕ್ಕೆ ಕನ್ನಡದಲ್ಲಿ ‘ನೊರೆಯಲ್ಲಿ ತೇಲಿಸುವ ವಿಧಾನ’ ಎಂದರೆ ಸಾಕು. ಜೊಳ್ಳು ಗಿಳ್ಳು ಇಲ್ಲಿ ಬೇಡ.

ಬೆಂಗಳೂರಿನ ಬೆಳ್ಳಂದೂರು ಕೆರೆ ಹೆಸರು ಕೇಳಿರುತ್ತೀರಿ. ಅದರ ನೊರೆ ಯಮಲೂರಿನ ಹತ್ತಿರ ರಸ್ತೆಗೇ ಬಂದು ಬೈಕಿನವರ ಮುಖಕ್ಕೆ ಹಾರುತ್ತಿತ್ತು. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತ್ತು. 2017ರ ಫೆಬ್ರವರಿಯಲ್ಲಿ ಕೆರೆಯಲ್ಲಿ ಮತ್ತೆ ಬೆಂಕಿ. ಮನೆಮನೆಯ ಬಟ್ಟೆ ಒಗೆದ ನೀರು, ಕೊಳಚೆ ಎಲ್ಲ ಅಲ್ಲಿಗೇ. ನೀರು ಕೋಡಿಯಲ್ಲಿ ಬಿದ್ದು ಕದಡಿದಾಗ ಡಿಟರ್ಜೆಂಟಿನ ಅಂಶ ನೊರೆ ಎಬ್ಬಿಸುತ್ತದೆ. ಇಂಗ್ಲಿಷ್ ಪೇಪರಿನವರು ಇದಕ್ಕೆ ಒಂದು ದಿನ ಫೋಮ್, ಇನ್ನೊಂದು ದಿನ ಫ್ರಾತ್ ಎಂದು ಬರೆದರು. ಎರಡೂ ತಪ್ಪಲ್ಲ. ನನ್ನನ್ನು ಕೇಳಿದರೆ ಫ್ರಾತ್ ಹೆಚ್ಚು ಸರಿ, ಆ ಪದದ ಒಳಗೇ ಒಂದು ಅಸಹ್ಯ ಇದೆ. ಕನ್ನಡ ಪೇಪರುಗಳು ‘ನೊರೆ’ ಎಂದೇ ಬರೆದವು. ಆದರೆ ನೊರೆಗೆ ಈ ಹೊಲಸು ಹೊಂದುವುದಿಲ್ಲ ಎಂದು ಅವರಿಗೂ ಅನ್ನಿಸಿರಬೇಕು, ಅದಕ್ಕೆ ‘ವಿಷಕಾರಿ’ ಎಂದು ಸೇರಿಸುತ್ತಿದ್ದರು. ಒಳ್ಳೆಯ ಹುಡುಗಿಗೆ ಕೆಟ್ಟ ಹೆಸರು ಬರಿಸಲು ಒಂದು ವಿಶೇಷಣ ಬೇಕಾಯಿತು ನೋಡಿ.

ವ್ಯಾಕರಣ ಜಾಸ್ತಿ ಇಲ್ಲ. ಫ್ರಾತ್ ಹೆಸರೂ ಹೌದು, ಕ್ರಿಯೆಯೂ ಹೌದು. ‘ಫ್ರಾತ್ ದಿ ಮಿಲ್ಕ್’ ಅಂದರೆ ಹಾಲಿಗೆ ನೊರೆ ಬರಿಸಿ. ‘ದಿ ಮಿಲ್ಕ್ ಫ್ರಾತ್ಸ್’ ಅಂದರೆ ಹಾಲು ತಾನೇ ನೊರೆಗಟ್ಟುತ್ತದೆ. ಹೆಸರಾಗಿ ಬಂದಾಗ ಎಣಿಸುವುದಿಲ್ಲ. ನೀರು, ಅಕ್ಕಿಯ ಹಾಗೆ. ‘ಟೂ ಫ್ರಾತ್ಸ್’ ಎಂದು ಬರೆದರೆ ಮಗಳಿಗೆ ಮಾರ್ಕು ಹೋಗುತ್ತದೆ. ಉಚ್ಚಾರ ಕ್ಲಾತ್, ಬ್ರಾತ್ ಪದಗಳ ಹಾಗೆ. ಗ್ರೋತ್ ಪದದ ಹಾಗೆ ಎಳೆದು ‘ಫ್ರೋತ್’ ಎನ್ನುವವರು ಬಹಳ ಮಂದಿ ಇದ್ದಾರೆ, ಕಾಲೇಜಿನಲ್ಲಿ ನಾನೂ ಹಾಗೇ ಕಲಿತಿದ್ದೆ.

ಕೊನೆಗೆ ನಿಮ್ಮ ಸಾಮಾನು. ಫ್ರಾತರ್‌ಗೆ ಕನ್ನಡ ಬೇಕಾದರೆ ‘ಕರೆಂಟ್ ಕಡಗೋಲು’ ಎನ್ನಿ. ಅದು ಮಾಡುವುದು ಕಡಗೋಲಿನ ಕೆಲಸವನ್ನೇ, ಹಾಲಿನ ಪ್ರೋಟೀನು ಗುಳ್ಳೆಯ ಸುತ್ತ ಗೋಡೆ ಕಟ್ಟುವಂತೆ ಗಾಳಿ ಬೆರೆಸುವುದು. ಹಾಲು ಅರವತ್ತರಿಂದ ಅರವತ್ತೈದು ಡಿಗ್ರಿ ಬಿಸಿ ಇರುವಾಗ ನೊರೆ ಚೆನ್ನಾಗಿ ಕಟ್ಟುತ್ತದೆ. ಬೆರಳು ಇಟ್ಟರೆ ಚುರುಕ್ ಎನ್ನಬೇಕು, ಕುದಿಯುತ್ತಿರಬಾರದು. ಕೆನೆಯನ್ನು ಮೊದಲೇ ತೆಗೆದುಬಿಡಿ. ಫಿಲ್ಟರ್ ಕಾಫಿಗೆ ಮಾತ್ರ ನಾನು ಇದನ್ನು ಹೇಳಲಾರೆ. ನಮ್ಮ ಡಿಕಾಕ್ಷನ್ ಆರಿರುತ್ತದೆ, ಅದಕ್ಕೆ ಕೊತಕೊತ ಕುದಿಯುವ ಹಾಲೇ ಬೇಕು. ಅರವತ್ತೈದು ಡಿಗ್ರಿಯ ಹಾಲು ಹಾಕಿದರೆ ನೊರೆ ಇರುತ್ತದೆ, ಕಾಫಿ ಉಗುರುಬೆಚ್ಚಗೆ. ಅದಕ್ಕೆ ಲೋಟದಿಂದ ಬಟ್ಟಲಿಗೆ ನಾಲ್ಕು ಸಲ ಎತ್ತಿ ಹೊಯ್ಯುವುದೇ ಸರಿ. ಕರೆಂಟ್ ಕಡಗೋಲನ್ನು ಮಜ್ಜಿಗೆಗೆ ಇಟ್ಟುಕೊಳ್ಳಿ, ರಾಗಿ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದೆ ಕದಡಲೂ ಬರುತ್ತದೆ. ತುದಿಯನ್ನು ಪೂರ್ತಿ ಮುಳುಗಿಸಿದ ಮೇಲೆ ಗುಂಡಿ ಒತ್ತಿ, ಮೇಲೆತ್ತುವ ಮೊದಲು ನಿಲ್ಲಿಸಿ. ಇಲ್ಲದಿದ್ದರೆ ಗೋಡೆ ಒರೆಸುವ ಕೆಲಸ ನಿಮ್ಮದು.